ಮೂರನೆಯ ಕೂಗು

"ಬಚ್ಚಪ್ಪನ ಮನೆಗೆ ಬೆಂಕಿ ಬಿದ್ರೂ ಮೂರು ಕಿತ ಕೂಗ್ಬೇಕು ಕಣೇ. ಎರಡನೇ ಕೂಗಿಗೇ ಸುಟ್ಟೋದ್ರೆ ಅದು ಅವನ ಹಣೆಬರ," ಎಂದು ಎದುರು ಮನೆಯ ಪಾಪಮ್ಮ ಅನ್ನುತ್ತಿದ್ದಳು. ಸೇದುವ ಬಾವಿಯ ಬಳಿ ಕೊಡ ಹಿಡಿದು ನಿಂತವರೆಲ್ಲ ನಗುತ್ತಿದ್ದರು.

ಬಾಗಲೂರು ಪಕ್ಕದ ಆ ಹಳ್ಳಿಯಲ್ಲಿ ಈ ಮಾತಿಗೆ ನಗದೆ ಇದ್ದವನು ಬಚ್ಚಪ್ಪನೊಬ್ಬನೇ. ಅವನ ಅಪ್ಪ ಒಂದು ಮುಸ್ಸಂಜೆ ಹಿತ್ತಲಿನಿಂದ ಯಾರೋ ಕರೆದರೆಂದು, ಒಂದೇ ಕೂಗಿಗೆ "ಓ" ಎಂದು ಎದ್ದುಹೋಗಿದ್ದ. ಸಿಕ್ಕಿದ್ದು ಬಾವಿಯಲ್ಲಿ. ಹೆಣ ಎತ್ತಿದ ಮೇಲೆ ಅವ್ವ ಪಿಳ್ಳಮ್ಮ ಇಬ್ಬರು ಗಂಡುಮಕ್ಕಳನ್ನೂ ಮುಂದೆ ಕೂರಿಸಿಕೊಂಡು ಹೇಳಿದಳು: "ಮಕ ಕಾಣದ ದನಿ ಮೂರು ಕಿತ ಕೂಗೋಗಂಟ ಓ ಅನ್ಬ್ಯಾಡ್ರಿ ಕಣ್ರಲಾ. ದೆವ್ವಕ್ಕೆ ಮೂರನೇ ಕೂಗು ಬರಾಕಿಲ್ಲ."

ತಮ್ಮ ಸೊಣ್ಣಪ್ಪ ಆಗ ಚಿಕ್ಕವನು, ದೊಡ್ಡವನಾಗುತ್ತ ಅದನ್ನು ಮರೆತ. ಬಚ್ಚಪ್ಪನಿಗೆ ಮಾತ್ರ ಅದು ಉಸಿರಿನ ಜೊತೆಗೇ ಬೆಳೆಯಿತು.

ಎಂಬತ್ತರ ಆಸುಪಾಸಿನಲ್ಲಿ ಹೊಸೂರಿನ ಸುತ್ತ ಫ್ಯಾಕ್ಟರಿಗಳು ಎದ್ದಾಗ ಅಣ್ಣತಮ್ಮಂದಿರಿಗೆ ಒಂದೇ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಒಂದೇ ಜಾಗದಲ್ಲಲ್ಲ. ಕೆರೆ ಪಕ್ಕದ ಬಾವಿಯ ಮೋಟಾರು ಮನೆಯಲ್ಲಿ ಬಚ್ಚಪ್ಪ. ಎರಡು ಮೈಲಿ ಆಚೆ, ಆ ನೀರು ಬಂದು ಬೀಳುವ ಫ್ಯಾಕ್ಟರಿ ತೊಟ್ಟಿಯ ಹತ್ತಿರ ಸೊಣ್ಣಪ್ಪ. ನಡುವೆ ಕಂಬದಿಂದ ಕಂಬಕ್ಕೆ ಒಂದು ತಂತಿ, ಎರಡೂ ತುದಿಗೆ ಒಂದೊಂದು ಕರಿ ಟೆಲಿಫೋನು. ಅಲ್ಲಿಂದ "ಬಿಡು" ಅಂದರೆ ಇವನು ಮೋಟಾರು ಹಾಕಬೇಕು, "ನಿಲ್ಸು" ಅಂದರೆ ನಿಲ್ಲಿಸಬೇಕು.

ಗಂಟೆ ಬಾರಿಸಿದರೆ ಬಚ್ಚಪ್ಪ ಫೋನೆತ್ತಿ ಸುಮ್ಮನೆ ಕಿವಿಗಿಡುತ್ತಿದ್ದ. ಬರುವುದು ತಮ್ಮನ ದನಿಯೇ, ಆದರೆ ಸಣ್ಣಗಾಗಿ, ಮುಖವಿಲ್ಲದೆ, ಬಾವಿಯೊಳಗಿಂದ ಬಂದ ಹಾಗೆ. ಅಣ್ಣನ ಸ್ವಭಾವ ಬಲ್ಲ ಸೊಣ್ಣಪ್ಪ ಮೊದಲು "ಅಣ್ಣಾ, ಅಣ್ಣಾ, ಅಣ್ಣಾ" ಎಂದು ಮೂರು ಸಲ ಕರೆದು, ಆ ತುದಿಯಿಂದ "ಓ" ಬಂದ ಮೇಲೇ ಕೆಲಸದ ಮಾತು ತೆಗೆಯುತ್ತಿದ್ದ.

ಮೇಸ್ತ್ರಿ ಮುನಿಯಲ್ಲಪ್ಪ ಇದನ್ನು ಒಂದು ದಿನ ಕೇಳಿಸಿಕೊಂಡ. "ಏನಲಾ ಬಚ್ಚ, ಕಂಪನಿ ವೈರ್‌ನಾಗೆ ದೆವ್ವ ಬತ್ತದಾ? ಅದಕ್ಕೂ ಗೇಟ್ ಪಾಸ್ ಬೇಕು ಕಣ್ಲಾ."

ಬಚ್ಚಪ್ಪ ಫೋನಿಟ್ಟು ಮೋಟಾರಿನ ಕಡೆ ತಿರುಗಿದ. ಪ್ರತಿ ಸಂಜೆ ಕೂಡುರಸ್ತೆಯಲ್ಲಿ ತಮ್ಮನಿಗಾಗಿ ಕಾದು ನಿಲ್ಲುತ್ತಿದ್ದ. ಅವನು ಕಂಡ ಕೂಡಲೇ ಮೊದಲು ಮುಖ ನೋಡುವುದು. ಆಮೇಲೆ, "ಮಧ್ಯಾನ ಕರೆದೋನು ನೀನೇ ತಾನೇ?"

"ಇಲ್ಲ, ನನ್ನ ಹೆಂಡ್ರು," ಎಂದು ಸೊಣ್ಣಪ್ಪ ನಗುತ್ತಿದ್ದ. ಆ ನಗು ಕೇಳಿದ ಮೇಲೆಯೇ ಬಚ್ಚಪ್ಪನ ಎದೆ ಹಗುರಾಗುತ್ತಿದ್ದುದು.

ಇನ್ನೊಂದು ದಿನ ಮೋಟಾರು ಓಡುತ್ತಿತ್ತು. ತೊಟ್ಟಿಯ ಗೋಡೆಯ ಹತ್ತಿರ ಪೈಪಿನ ಕೀಲು ಸಡಿಲವಾಗಿ ನೀರು ಚಿಮ್ಮತೊಡಗಿದ್ದನ್ನು ಕಂಡು ಸೊಣ್ಣಪ್ಪ ಪಕ್ಕದಲ್ಲೇ ಇದ್ದ ಫೋನಿಗೆ ಓಡಿದ. "ಅಣ್ಣಾ" ಎಂದ. "ಅಣ್ಣಾ" ಎಂದ.

ಬಚ್ಚಪ್ಪ ಕಾದ. ದನಿ ತಮ್ಮನದೇ ಅನಿಸಿತು. ಮೋಟಾರಿನ ಸ್ವಿಚ್ಚು ಕೈಗೆಟುಕುವಷ್ಟು ಹತ್ತಿರವಿತ್ತು. ಕೈ ಅತ್ತ ಹೋಯಿತು, ನಿಂತಿತು. ಮೂರನೆಯ ಕೂಗು ಬರಲಿಲ್ಲ. ತಂತಿಯಲ್ಲಿ ನೀರಿನ ಸದ್ದು ಮಾತ್ರ ಕೇಳುತ್ತಿತ್ತು. ಆಗ ಸ್ವಿಚ್ಚು ಎಳೆದ, ಫೋನನ್ನು ಹಾಗೇ ಜೋತಾಡಲು ಬಿಟ್ಟು ಕೆರೆ ಏರಿಯ ಮೇಲೆ ಓಡಿದ.

ಮೂರನೆಯ ಕೂಗಿಗೆ ಮೊದಲೇ ಪೈಪು ಕಿತ್ತುಬಂದು ಸೊಣ್ಣಪ್ಪನ ಮೊಣಕಾಲು ಜಜ್ಜಿತ್ತು.

ಆಸ್ಪತ್ರೆಯಲ್ಲಿ ಸೊಣ್ಣಪ್ಪನೇ ಸಮಾಧಾನ ಹೇಳಿದ: "ಮೊದ್ಲೇ ನಿಲ್ಸು ಅಂದಿದ್ರೆ ಆಯ್ತಿತ್ತು ಕಣಣ್ಣ. ನಾಲಿಗೆಗೆ ಅಭ್ಯಾಸ ಆಗ್ಬುಟ್ಟಿತ್ತು, ಏನ್ ಮಾಡಾನ." ಕಂಪನಿಯವರು ಅವನನ್ನು ಗೇಟಿನ ಹತ್ತಿರ ಸ್ಟೂಲು ಹಾಕಿ ಕೂರಿಸಿದರು. ಬಚ್ಚಪ್ಪ ಮೋಟಾರು ಮನೆಯ ಕಡೆ ಮತ್ತೆ ಮುಖ ಹಾಕಲಿಲ್ಲ. ಕೆಲಮಂಗಲದಲ್ಲಿ ಅಕ್ಕ ಅಕ್ಕಯಮ್ಮನ ಹೊಲ ಇದೆ, ಅಲ್ಲೇ ದುಡಿದುಕೊಂಡು ಇದ್ದುಬಿಡುತ್ತೇನೆ ಎಂದ.

"ಕಾಲು ನಂದು, ಕುಂಟೋನು ನಾನು. ಊರು ಬಿಡೋನು ನೀನಾ?" ಎಂದ ಸೊಣ್ಣಪ್ಪ.

"ನಿನ್ನ ಕಾಲು ನೋಡ್ಕಂಡು ಮುದ್ದೆ ಇಳಿಯಾಕಿಲ್ಲ ಕಣ್ಲಾ."

ಸೊಣ್ಣಪ್ಪನ ಹೆಂಡತಿ ಲಕ್ಷ್ಮಿದೇವಮ್ಮ ಬುತ್ತಿ ಕಟ್ಟಿದಳು. "ಬಾವ, ಹಬ್ಬಕ್ಕಾದ್ರೂ ಬನ್ನಿ," ಎಂದಳು. ಬಚ್ಚಪ್ಪ ಬುತ್ತಿಯನ್ನು ಗಂಟಿಗೆ ಸೇರಿಸಿಕೊಂಡ. ಆ ಹೊಸ್ತಿಲನ್ನು ಅವನು ಮತ್ತೆ ದಾಟಲಿಲ್ಲ.

ಗಂಟು ಹೆಗಲಿಗೇರಿಸಿ ಬೀದಿಗಿಳಿದ. ಪಾಪಮ್ಮ ಜಗುಲಿಯಿಂದ ನೋಡುತ್ತಿದ್ದಳು. ಹುಣಸೆಮರದ ತಿರುವು ದಾಟಿದ ಮೇಲೆ, ಮನೆ ಮರೆಯಾದ ಮೇಲೆ, ಹಿಂದಿನಿಂದ ಒಂದು ದನಿ ಬಂತು.

"ಅಣ್ಣಾ."

ಮುಖ ಕಾಣಲಿಲ್ಲ. ಬಚ್ಚಪ್ಪನ ಕಾಲು ನಿಂತಿತು.

"ಓ," ಎಂದ.

ದನಿ ಎರಡನೆಯ ಸಲ ಕೂಗಲಿಲ್ಲ. ಬಚ್ಚಪ್ಪ ಗಂಟನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ಬಸ್ಸಿನ ಕಡೆ ನಡೆದ.