ಯಾರೂ ಏಳದ ಖೋ

ಆಯ್ಕೆ ಪಂದ್ಯ ಮುಗಿದ ಕೂಡಲೇ ಅಂಕಣದಲ್ಲೇ ನಿಂತು, ಬಂದ ತಾಯಿತಂದೆಯರ ಎದುರಿಗೆ, ಆಯ್ಕೆಯಾದ ಹುಡುಗಿಯರ ಹೆಸರುಗಳನ್ನು ಗಟ್ಟಿಯಾಗಿ ಓದುತ್ತೇನೆ. ಅರಕಲಗೂಡಿನಲ್ಲಿ ನಾನು ಪಿ.ಟಿ. ಟೀಚರು, ಖೋಖೋ ಸಮಿತಿಯಲ್ಲೂ ಇದ್ದೇನೆ. ಓದುವ ಮುಂಚೆ ಪಟ್ಟಿಯನ್ನು ಯಾರೂ ಮನೆಗೆ ಒಯ್ಯುವಂತಿಲ್ಲ. ಈ ರೂಢಿ ಪುಕ್ಕಟೆ ಬಂದದ್ದಲ್ಲ.

ಹತ್ತನೇ ಕ್ಲಾಸಿನಲ್ಲಿ ನಾನು ರಾಜ್ಯಮಟ್ಟಕ್ಕೆ ಹೋಗುವ ಜಿಲ್ಲಾ ತಂಡಕ್ಕೆ ಆಯ್ಕೆಯಾಗಿದ್ದೆ, ಹಾಗೆಂದು ಬಾಯಿಮಾತಿನಲ್ಲಿ ಹೇಳಿದ್ದರು. ಮಲ್ಲಿಪಟ್ಟಣದ ಕಡೆ ಶುಂಠಿ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದ ಅವ್ವ ಅದನ್ನು ಊರಿಗೆಲ್ಲ ಸಾರಿದ್ದಳು. ಎರಡು ದಿನ ಬಿಟ್ಟು ಟೈಪಾಗಿ ಬಂದ ಪಟ್ಟಿಯಲ್ಲಿ ನಾನೇ ಇಲ್ಲ! ನನ್ನ ಜಾಗದಲ್ಲಿ ಹೊಳೆನರಸೀಪುರದ ಹುಡುಗಿ, ಸಮಿತಿಯ ಹಿರಿಯರೊಬ್ಬರ ಅಕ್ಕನ ಮಗಳು. ಜಮೀನುದಾರರ ಮನೆ. ಅಂಥವರ ಅಂಗಳಕ್ಕೆ ಹೋಗುವಾಗ ಅವ್ವ ಚಪ್ಪಲಿಯನ್ನು ಬೇಲಿಯಾಚೆಯೇ ಬಿಡುತ್ತಿದ್ದಳು.

“ಬಡವ್ರ ಕೋಪ ದವಡೆಗೆ ಮೂಲ ಕಣವ್ವ, ಸುಮ್ಕಿರು,” ಅಂದಳು. ನಾನು ಸುಮ್ಮನಿರುವ ಪೈಕಿಯಲ್ಲ. ತಂಡದ ಅಭ್ಯಾಸದ ದಿನ ಹಾಸನದ ಬಸ್ಸು ಹತ್ತಿದೆ, ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೆ. ಮೈದಾನ ಕಂಡದ್ದೇ ತಡ, ಅಳು ಬಂದುಬಿಟ್ಟಿತು. ಥೂ! ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಹಗ್ಗದಾಚೆ ಅಂಕಣಕ್ಕೆ ಬೆನ್ನು ಮಾಡಿ ಕೂತೆ.

ಸೀಟಿ ಕೇಳಿಸಿತು. ಆಮೇಲೆ ಎರಡು ಸಲ “ಖೋ” ಅಂದದ್ದು ಕೇಳಿಸಿತು, ಓಡುವ ಸದ್ದೇ ಇಲ್ಲ. ತಿರುಗಿ ನೋಡಿದೆ. ಸಾಲಾಗಿ ಕೂತ ಎಂಟು ಹುಡುಗಿಯರ ಬೆನ್ನು ಮುಟ್ಟಿ ಆ ಹೊಳೆನರಸೀಪುರದವಳು ಖೋ ಕೊಡುತ್ತಿದ್ದಾಳೆ. ಎದ್ದು ಓಡಬೇಕಾದವರು ಒಬ್ಬರೂ ಏಳುತ್ತಿಲ್ಲ.

“ಏನಾಗೈತ್ರೇ ನಿಮ್ಗೆ? ಎದ್ದೇಳ್ರೇ!” ಸೀಟಿ ಹಿಡಿದಿದ್ದ ಅವಳ ಮಾವ, ಸಮಿತಿಯ ಆ ಹಿರಿಯರು, ಕೂಗಿದರು.

“ಏಳಕ್ಕಿಲ್ಲ ಸಾ,” ಅಂದಳು ಚನ್ನರಾಯಪಟ್ಟಣದ ಕ್ಯಾಪ್ಟನ್. “ತೆಗ್ದಾಕಿರೋಳ್ನ ಕರ್ಸಿ. ಇನ್ಮೇಲೆ ಪಟ್ಟಿನ ಇಲ್ಲೇ, ಎಲ್ರ ಎದ್ರುಗೇ ಓದಿ.”

“ತಂಡಾನೇ ಕ್ಯಾನ್ಸಲ್ ಮಾಡ್ಬುಡ್ತೀನಿ!”

“ಮಾಡಿ ಸಾ.”

ಅವರೆಲ್ಲರಿಗೂ ರಾಜ್ಯಮಟ್ಟದ ಆಟ ಅದೇ ಮೊದಲು. ಅದನ್ನೇ ನನಗೋಸ್ಕರ ಪಣಕ್ಕಿಟ್ಟು ಕೂತಿದ್ದರು. ಆ ಎಂಟು ಜನರನ್ನು ನೆನೆಯದೆ ನಾನು ಒಂದು ಪಟ್ಟಿಯನ್ನೂ ಓದಿಲ್ಲ.

ಮುಖ ತಿರುಗಿಸಿಕೊಂಡು ಇನ್ನಷ್ಟು ಅತ್ತೆ. ಬೆನ್ನ ಮೇಲೆ ಒಂದು ಕೈ ಬಿತ್ತು.

“ಖೋ,” ಅಂದಳು ಹೊಳೆನರಸೀಪುರದವಳು. “ಎದ್ದೇಳೇ. ನಿನ್ನಂಗೆ ಓಡಕ್ಕೆ ನನ್ಗೆ ಬರಕ್ಕಿಲ್ಲ.”

ಮಾವ ಗದರಿದರು, ಅವಳು ಜಗ್ಗಲಿಲ್ಲ. ಕೊನೆಗೆ ಅವರೇ ಸೋತು, “ಆಡ್ಕಳಿ ಅತ್ಲಾಗೆ,” ಅಂದು ಸೀಟಿ ಊದಿದರು. ಥ್ಯಾಂಕ್ಸ್ ಹೇಳಬೇಕೆಂದೂ ತೋಚಲಿಲ್ಲ ನನಗೆ; ಓಡಿದೆ.

ಆ ತುದಿಯ ಕಂಬ ಸುತ್ತಿ ಬರುವಾಗ ಅವಳು ಕಂಡಳು. ನಾನು ಕೂತಿದ್ದ ಜಾಗದಲ್ಲೇ ಕೂತು, ಯಾರೂ ತುಳಿಯದಿರಲಿ ಎಂದು ನನ್ನ ಸವೆದ ಹವಾಯಿ ಚಪ್ಪಲಿಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು.