ಶಿವಾಜಿನಗರಕ್ಕೆ ತಿರುಗದ ವ್ಯಾನು

ಕಳೆದ ತಿಂಗಳು ಇಂದಿರಾನಗರದ ಒಂದು ಕಾಫಿ ಅಂಗಡಿಗೆ ಹೋಗಿದ್ದೆ. ಅಲ್ಲಿ ಗೋಡೆಗೆ ಮೊಳೆ ಹೊಡೆದು ಬಿದಿರಿನ ಮೊರವೊಂದನ್ನು ತೂಗುಹಾಕಿದ್ದರು. ಅದಕ್ಕೆ ನೀಲಿ ಬಣ್ಣ ಬಳಿದು ನಡುವೆ ನವಿಲು ಬರೆದಿದ್ದರು. ಇದ್ಯಾಕೆ ಇಲ್ಲಿ ಎಂದು ಬಿಲ್ಲು ತಂದವಳನ್ನು ಕೇಳಿದೆ. “ಡೆಕೊರೇಷನ್ ಮೇಡಂ” ಅಂದಳು. ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ಮೊರ ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಪಾಪ, ಮೊರದ ತಪ್ಪೇನೂ ಇಲ್ಲ.

ದೊಮ್ಮಲೂರಿನ ಮೇಲ್ಸೇತುವೆ ಇನ್ನೂ ಅರ್ಧಕ್ಕೆ ನಿಂತಿದ್ದ ಕಾಲದಲ್ಲಿ ನಾನು ಕಗ್ಗದಾಸಪುರದಲ್ಲಿ ಬಾಡಿಗೆಗಿದ್ದೆ. ಕೆಳಗೆ ಮನೆ ಮಾಲೀಕರ ಸಂಸಾರ, ಮೇಲೆ ನಾವು ಬಾಡಿಗೆಯವರು. ಮಾಲೀಕನ ತಾಯಿಯನ್ನು ನಾವೆಲ್ಲ ಓನರಜ್ಜಿ ಎನ್ನುತ್ತಿದ್ದೆವು. ಆ ಕಟ್ಟಡ ನಿಂತ ಜಾಗದಲ್ಲೇ ಹಿಂದೆ ಅವರ ಸೊಪ್ಪಿನ ಮಡಿಗಳಿದ್ದವಂತೆ. ನಿನ್ನ ಬಚ್ಚಲಿರೋ ಕಡೆ ಸಬ್ಬಸಿಗೆ, ಮೆಟ್ಟಿಲಿರೋ ಕಡೆ ದಂಟು ಎಂದು ಅಜ್ಜಿ ಕೈ ತೋರಿಸಿ ಹೇಳುತ್ತಿದ್ದರು. ಮದುವೆಯಾಗಿ ಬಂದಾಗಿನಿಂದ ಆ ಸೊಪ್ಪನ್ನು ಶಿವಾಜಿನಗರದ ಮಾರ್ಕೆಟ್ಟಿಗೆ ಹೊತ್ತು, ಗೋಣಿಚೀಲ ಹಾಸಿ ಕೂತು ಮಾರಿದವರು ಅವರು.

ಪಕ್ಕದ ಗೋಣಿಯಲ್ಲಿ ನಿಂಬೆಹಣ್ಣು ಮಾರುತ್ತಿದ್ದ ಮುಸ್ಲಿಂ ಹೆಂಗಸು ಅಜ್ಜಿಯ ಜೀವದ ಗೆಳತಿ. ಇವರು ಅವರನ್ನು ಆಪಾ ಅನ್ನುವುದು, ಅವರು ಇವರನ್ನು ಅಕ್ಕ ಅನ್ನುವುದು. ಎರಡರ ಅರ್ಥವೂ ಒಂದೇ; ಇಬ್ಬರಲ್ಲಿ ಯಾರು ದೊಡ್ಡವರೆಂಬುದು ಕೊನೆಗೂ ಇತ್ಯರ್ಥವಾಗಲಿಲ್ಲ. ಒಬ್ಬರು ಟೀ ಕುಡಿಯಲು ಎದ್ದರೆ ಇನ್ನೊಬ್ಬರು ಎರಡೂ ಗೋಣಿ ನೋಡಿಕೊಳ್ಳುತ್ತಿದ್ದರು. ಮಾಲೀಕ ಕೈಗೂಸಾಗಿದ್ದಾಗ ನಿಂಬೆಹಣ್ಣಿನ ಬುಟ್ಟಿಯ ಮಗ್ಗುಲಲ್ಲೇ ಮಲಗಿ ಬೆಳೆದವನಂತೆ. ಅಜ್ಜಿ ಈ ಮಾತು ತೆಗೆದರೆ ಸಾಕು, ಅವನು ಎದ್ದು ಒಳಗೆ ಹೋಗುತ್ತಿದ್ದ. ಎದುರಿಗೆ ಅವನನ್ನು ಅಣ್ಣ, ನೀವು ಎಂದೇ ಕರೆಯುತ್ತಿದ್ದೆ. ಬರೆಯುವಾಗ ಬಹುವಚನ ಕೊಡಲು ಕೈ ಬರುವುದಿಲ್ಲ.

ಗೌರಿ ಹಬ್ಬಕ್ಕೆ ಅಜ್ಜಿ ತಪ್ಪದೆ ಆಪಾಗೆ ಒಂದು ಬಾಗಿನ ಕಟ್ಟುತ್ತಿದ್ದರು. ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಗಾಜಿನ ಬಳೆ ಎಲ್ಲ ಇಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ ದಾರ ಸುತ್ತುವುದು. ಕುಂಕುಮದ ಪೊಟ್ಟಣ ಒಂದನ್ನು ಮಾತ್ರ ಇಡುತ್ತಿರಲಿಲ್ಲ. ರಂಜಾನಿಗೆ ಅದೇ ಮೊರ ಶಾವಿಗೆ, ಖರ್ಜೂರ ಹೊತ್ತು ವಾಪಸು ಬರುತ್ತಿತ್ತು. ಯಾರನ್ನು ನೆನೆದು ಬಾಗಿನ ಕಟ್ಟಿದರೋ ಅದು ಅವರಿಗೇ ಸೇರಬೇಕು, ಬೇರೆಯವರಿಗೆ ಕೊಡುವ ಹಾಗಿಲ್ಲ, ಮನೆಯಲ್ಲೂ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಅಜ್ಜಿ ನನಗೆ ಹೇಳಿಕೊಟ್ಟಿದ್ದರು.

ಆ ವರ್ಷ ಹಬ್ಬಕ್ಕೆ ಮುಂಚೆ ಆಪಾ ಯಾವುದೋ ಬೂತಿನಿಂದ ಫೋನ್ ಮಾಡಿಸಿದ್ದರು. ಮನೆ ಖಾಲಿ ಮಾಡುತ್ತಿದ್ದೇನೆ, ಇನ್ನು ಮಗಳ ಊರಿನಲ್ಲೇ ಇರುವುದು, ಸೋಮವಾರ ಹೊರಡುತ್ತೇವೆ, ಭಾನುವಾರ ಬಂದು ಹೋಗು ಎಂದು. ಮಗಳ ಊರು ಯಾವುದೆಂದು ಅಜ್ಜಿ ಕೇಳಲಿಲ್ಲ. ಹೇಗೂ ಹೋಗುತ್ತೇನಲ್ಲ, ಎದುರಿಗೇ ಕೇಳಿದರಾಯಿತು ಎಂದುಕೊಂಡರು. ಮಂಡಿನೋವಿನಿಂದ ಬಸ್ಸು ಹತ್ತಲು ಆಗುತ್ತಿರಲಿಲ್ಲ. ಅದೇ ಭಾನುವಾರ ಮಾಲೀಕನ ಮಗಳನ್ನು ಕೊಡಲಿದ್ದ ಮನೆಯವರು ತುಮಕೂರಿನಿಂದ ಬಂದಿದ್ದರು. ಅವರಿಗೆ ಬೆಂಗಳೂರು ತೋರಿಸಲು ವ್ಯಾನು ಗೊತ್ತು ಮಾಡಿದ್ದರು. “ಹೋಗೋ ದಾರೀಲಿ ಇಳಿಸ್ತೀನಿ ಬಾಮ್ಮ” ಎಂದ ಮಗ. ಅಜ್ಜಿಯ ಜೊತೆಗಿರಲೆಂದು ನನ್ನನ್ನೂ ಹತ್ತಿಸಿಕೊಂಡರು. ಹಬ್ಬಕ್ಕೆ ಮುಂಚೆಯೇ ಕಟ್ಟಿದ ಆಪಾ ಬಾಗಿನವನ್ನು ಅಜ್ಜಿ ತೊಡೆಯ ಮೇಲಿಟ್ಟುಕೊಂಡು ಕೂತರು.

ಮೊದಲು ವಿಮಾನ ಇಳಿಯುವುದನ್ನು ನೋಡಲು ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ನಿಲ್ಲಿಸಿದರು. ಆಮೇಲೆ ಹಲಸೂರು ಕೆರೆ. ಅಲ್ಲಿಂದ ಶಿವಾಜಿನಗರ ಎಷ್ಟು ದೂರ... ಈಗಲೇ ಹೋಗಿಬಿಡೋಣ ಅಣ್ಣಾ ಎಂದೆ. ಒನ್‌ವೇ ಇದೆ, ವಾಪಸು ಬರುವಾಗ ಹೋಗೋಣ ಎಂದ. ವಿಧಾನಸೌಧದ ಮುಂದೆ ಎಲ್ಲರನ್ನೂ ನಿಲ್ಲಿಸಿ ಫೋಟೊ ತೆಗೆಸಿದ. ಅಲ್ಲಿಂದಲೂ ಹತ್ತಿರವೇ. ಮತ್ತೆ ಕೇಳಿದೆ. ಪಾರ್ಕಿಂಗ್ ಸಿಗುವುದಿಲ್ಲ ಎಂದ. ಕಬ್ಬನ್ ಪಾರ್ಕಿನಲ್ಲಿ ಅಜ್ಜಿ ಇಳಿಯಲಿಲ್ಲ. ಲಾಲ್‌ಬಾಗಿನಲ್ಲೂ ಇಳಿಯಲಿಲ್ಲ. ಮದುವೆಯಾಗಿ ಬಂದಾಗಿನಿಂದ ಈ ಊರಿನಲ್ಲೇ ಇದ್ದವರಿಗೆ ಈ ಊರನ್ನೇ ತೋರಿಸುತ್ತ ಸುತ್ತಿಸುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು.

ಲಾಲ್‌ಬಾಗಿನ ಗೇಟಿನ ಹತ್ತಿರ ಅವನನ್ನು ಪಕ್ಕಕ್ಕೆ ಕರೆದು, ನೀವು ಸುತ್ತಾಡಿ, ನಾನು ಅಜ್ಜಿಯನ್ನು ಆಟೋದಲ್ಲಿ ಕರೆದುಕೊಂಡು ಹೋಗುತ್ತೇನೆ ಎಂದೆ.

“ಬೀಗರ ಮುಂದೆ ನಮ್ಮಮ್ಮ ಆಟೋದಲ್ಲಿ ಹೋಗ್ಬೇಕಾ? ಎಲ್ಲಿಗೆ ಅಂತ ಕೇಳಿದ್ರೆ ಏನ್ ಹೇಳ್ಲಿ? ಮಾರ್ಕೆಟ್ಟು, ಸೊಪ್ಪು, ನಿಂಬೆಹಣ್ಣು ಅಂತೆಲ್ಲ ಅವರ ಮುಂದೆ ಎತ್ಬೇಡ. ನೀನು ಬಾಡಿಗೆಗಿರೋಳು, ಸುಮ್ನಿರಮ್ಮ.”

ಆಗ ಗೊತ್ತಾಯಿತು ನನಗೆ, ಒನ್‌ವೇ ಎಲ್ಲಿತ್ತು ಅಂತ. ಅಲ್ಲಿಂದ ಹೊಸ ಮಾಲ್‌ಗೆ ಹೋದೆವು. ಬೀಗರು ಎಸ್ಕಲೇಟರಿನಲ್ಲಿ ಹತ್ತಿ ಇಳಿದು ನಗಾಡುತ್ತಿದ್ದರೆ ಅಜ್ಜಿ ಕೆಳಗೆ ಬೆಂಚಿನ ಮೇಲೆ ಕೂತು, ಹೊತ್ತಾಯ್ತಲ್ಲಮ್ಮ, ಆಪಾ ಊಟ ಮಾಡಿರಲ್ಲ ಎನ್ನುತ್ತಿದ್ದರು. ಕಗ್ಗದಾಸಪುರ ಮುಟ್ಟಿದಾಗ ದೀಪ ಹಚ್ಚುವ ಹೊತ್ತು ಮೀರಿತ್ತು. ಬೀಗರು ರಾತ್ರಿ ಅಲ್ಲೇ ಉಳಿದರು. ಅಜ್ಜಿಯ ಪಾದಗಳು ಊದಿಕೊಂಡಿದ್ದವು. ನಾಳೆ ಬೆಳಿಗ್ಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಮಲಗಿ ಎಂದೆ.

ಬೆಳಿಗ್ಗೆ ಆಟೋ ತಂದು ನಿಲ್ಲಿಸಿದರೆ ಬಾಗಿನವೇ ಇಲ್ಲ. ಅಜ್ಜಿ ಮಲಗಿದ್ದಾಗ ಮಾಲೀಕ ಅದನ್ನು ಹೆಂಡತಿಯ ಕೈಲಿ ಬೀಗಿತ್ತಿಗೆ ಕೊಡಿಸಿದ್ದ, ಅಮ್ಮ ನಿಮಗೇ ಅಂತ ಕಟ್ಟಿದ್ದು ಎಂದು ಸುಳ್ಳು ಹೇಳಿ. ಸೊಸೆ ತಲೆ ತಗ್ಗಿಸಿಕೊಂಡು ಇದನ್ನು ಹೇಳಿದಳು. ಹೊತ್ತಾಗುತ್ತೆ ಎಂದು ಅಜ್ಜಿ ಬರಿಗೈಯಲ್ಲೇ ಆಟೋ ಹತ್ತಿದರು.

ಶಿವಾಜಿನಗರದ ಆ ಗಲ್ಲಿಯಲ್ಲಿ ಆಪಾ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಇಬ್ಬರು ಸುಣ್ಣ ಬಳಿಯುತ್ತಿದ್ದರು. ಎದುರು ಮನೆಯ ಹೆಂಗಸು ಹೊರಗೆ ಬಂದು ಅಜ್ಜಿಯ ಕೈ ಹಿಡಿದುಕೊಂಡಳು.

“ನಿನ್ನೆ ಪೂರಾ ದಿನ ಬಾಗ್ಲಲ್ಲೇ ಕೂತಿದ್ರು ಅಮ್ಮಾ. ಅಕ್ಕ ಬರ್ತಾಳೆ, ಅಕ್ಕ ಬರ್ತಾಳೆ ಅಂತ. ಬೆಳಗಿನ ಜಾವ ಫಜರ್ ನಮಾಜ್ ಆದ್ಮೇಲೆ ಗಾಡಿ ಬಂತು, ಹೋದ್ರು. ಊರು... ಮದನಪಲ್ಲಿನೋ, ಕದಿರಿನೋ, ಆಂಧ್ರದ ಕಡೆ. ನಂಗೆ ಸರಿಯಾಗಿ ಗೊತ್ತಿಲ್ಲ.”

ಅಜ್ಜಿ ಹೊಸ್ತಿಲ ಮೇಲೆ ಕೂತರು. ಸುಣ್ಣದವರು ದಾರಿ ಬಿಡಿ ಎನ್ನುವವರೆಗೂ ಕೂತಿದ್ದರು.

ನಾವು ಮನೆಗೆ ಬಂದಾಗ ಬೀಗರು ಹೊರಡುವ ಮುಂಚಿನ ಕಾಫಿ ಕುಡಿಯುತ್ತಿದ್ದರು. ಯಾವತ್ತೂ ಗಟ್ಟಿಯಾಗಿ ಮಾತಾಡದ ಓನರಜ್ಜಿ ನಡುಮನೆಯಲ್ಲಿ ನಿಂತು ಬೀಗಿತ್ತಿಗೆ ಹೇಳಿದರು: “ನಾನು ಶಿವಾಜಿನಗರದಲ್ಲಿ ನೆಲದ ಮೇಲೆ ಕೂತು ಸೊಪ್ಪು ಮಾರ್ತಿದ್ದೋಳು. ಇವನನ್ನ ಸಾಕಿದ್ದು ಆ ಸೊಪ್ಪೇ. ನಿಮ್ಮ ಹತ್ರ ಇರೋ ಬಾಗಿನ ನನ್ನ ಪಕ್ಕ ನಿಂಬೆಹಣ್ಣು ಮಾರ್ತಿದ್ದೋಳದು. ಬೇಜಾರ್ ಮಾಡ್ಕೋಬೇಡಿ, ವಾಪಸ್ ಕೊಡಿ.”

ಕೊಟ್ಟ ಬಾಗಿನವನ್ನು ಹಿಂದಕ್ಕೆ ಕೇಳುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಮಾಲೀಕನ ಮುಖ ಬಿಳಿಚಿಕೊಂಡಿತು. ಬೀಗಿತ್ತಿ ಎದ್ದು ಹೋಗಿ, ದಾರ ಕೂಡ ಬಿಚ್ಚದ ಬಾಗಿನವನ್ನು ತಂದು ಅಜ್ಜಿಯ ಕೈಗಿಟ್ಟರು. “ನಂಗೆ ಗೊತ್ತಿರ್ಲಿಲ್ಲಮ್ಮ. ನಮ್ಮತ್ತೆನೂ ಬಸ್‌ಸ್ಟಾಂಡಲ್ಲಿ ಹೂವು ಮಾರ್ತಿದ್ರು, ಇದ್ರಲ್ಲಿ ಮುಚ್ಚಿಡೋದೇನಿದೆ?” ಎಂದರು. ಯಾರಿಗೆ ಹೆದರಿ ಅವನು ಇಷ್ಟೆಲ್ಲ ನಾಟಕ ಆಡಿದನೋ ಅವರಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ನನಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಈಗಲೂ ಅನಿಸುತ್ತದೆ.

ಮದುವೆಯೇನೋ ಚೆನ್ನಾಗಿಯೇ ನಡೆಯಿತು. ಅಜ್ಜಿ ಬಾಗಿನವನ್ನು ಬಿಚ್ಚಲಿಲ್ಲ, ಯಾರಿಗೂ ಕೊಡಲಿಲ್ಲ. ಅಕ್ಕಿಗೆ ಹುಳ ಬಿದ್ದರೂ ಅಟ್ಟದ ಮೇಲೆ ಹಾಗೇ ಇತ್ತು. ಮದನಪಲ್ಲಿಗೆ ಹೋಗಿ ಹುಡುಕೋಣವೇ ಎಂದು ನಾನು ಕೇಳಿದ್ದೆ. ಅಷ್ಟು ದೊಡ್ಡ ಊರಲ್ಲಿ ನಿಂಬೆಹಣ್ಣಿನ ಆಪಾ ಎಂದು ಯಾರನ್ನು ಕೇಳೋದು ಎಂದರು. ಮಗನ ಗಾಡಿಯಲ್ಲಿ ಅವರು ಮತ್ತೆ ಕೂರಲಿಲ್ಲ. ನಾನು ಮನೆ ಬದಲಾಯಿಸಿದ ಒಂದೆರಡು ವರ್ಷಕ್ಕೆ ತೀರಿಕೊಂಡರೆಂದು ಸುದ್ದಿ ಬಂತು...

ಮೊನ್ನೆ ದೊಮ್ಮಲೂರಿನ ಒಂದು ಮದುವೆಯಲ್ಲಿ ಮಾಲೀಕ ಸಿಕ್ಕಿದ. ಕೂದಲು ಪೂರ್ತಿ ನೆರೆತಿದೆ. ತಾಯಿಯ ಮಾತು ಬಂತು. “ನಮ್ಮಮ್ಮಂಗೆ ನಾನೇನೂ ಕಮ್ಮಿ ಮಾಡ್ಲಿಲ್ಲಮ್ಮ. ವ್ಯಾನ್ ಮಾಡಿ ಇಡೀ ಬೆಂಗಳೂರು ತೋರಿಸ್ದೆ, ನೀನೂ ಇದ್ಯಲ್ಲ” ಎಂದ. ಶಿವಾಜಿನಗರ ಒಂದು ಬಿಟ್ಟು, ಎಂದೆ. ಅವನು ನಿಜವಾಗಿಯೂ ಯೋಚಿಸಿದ. ನೆನಪಿಗೆ ಬರಲಿಲ್ಲ.

“ಶಿವಾಜಿನಗರದಲ್ಲಿ ನೋಡೋಕೇನಿದೆ?” ಎಂದ.

ನಾನು ಊಟಕ್ಕೆ ಕೂರದೆ ಬಂದುಬಿಟ್ಟೆ. ಅಜ್ಜಿ ಹೋದರು. ಆಪಾ ಇದ್ದಾರೋ ಇಲ್ಲವೋ ಹೇಳುವವರಿಲ್ಲ. ಇದ್ದರೆ, ಅಷ್ಟು ಕರೆದರೂ ಅಕ್ಕ ಬರಲಿಲ್ಲ ಎಂದೇ ಅವರು ಇವತ್ತಿಗೂ ತಿಳಿದುಕೊಂಡಿರುತ್ತಾರೆ.