ಮಾತು ಯಾರು ಬರೆದರು

ನಿನ್ನೆ ಮಧ್ಯಾಹ್ನ ಸಾಲೆಯಲ್ಲಿ ನನ್ನ ಕೋಣೆಯ ಹೊರಗಿರುವ ನೀರಿನ ಹಂಡೆಯ ಹತ್ತಿರ ಒಬ್ಬ ಹುಡುಗಿ ಮೀಸೆ ತೊಳೆದುಕೊಳ್ಳುತ್ತಿದ್ದಳು. ಗೋಪನಕೊಪ್ಪದಿಂದ ನಡೆದು ಬರುವ ಹುಡುಗಿ, ಐದನೇ ಇಯತ್ತೆ. ಕಾಡಿಗೆಯಿಂದ ಬರೆದ ಮೀಸೆ ನೀರಿಗೆ ಹೋಗುವಂಥದ್ದಲ್ಲ. ತಿಕ್ಕಿ ತಿಕ್ಕಿ ಮೂಗಿನಿಂದ ಗದ್ದದವರೆಗೆ ಕಪ್ಪು ಮಾಡಿಕೊಂಡಿದ್ದಳು. "ಎಣ್ಣಿ ಹಚ್ಚಿ ಒರಸಬೇಕವ್ವಾ ಅದನ್ನ, ಬಾ ಇಲ್ಲೆ" ಎಂದು ನಾನೇ ಎದ್ದು ಹೋಗಿ ಸೆರಗಿನಿಂದ ಒರೆಸಿದೆ. ಸೆರಗಿಗೆ ಹರಳೆಣ್ಣೆಯ ಕಾಡಿಗೆಯ ವಾಸನೆ ಹತ್ತಿತು. ಮನೆಗೆ ಹೋಗಿ ಸೀರೆ ಬದಲಿಸಿದೆ, ವಾಸನೆ ಹೋಗಲಿಲ್ಲ. ಮೂಗಿಗೂ ನೆನಪಿಗೂ ನಡುವೆ ಬಾಗಿಲೇ ಇಲ್ಲವೋ ಏನೋ, ನೀವೇ ಹೇಳಿ.

ಹುಡುಗಿಯ ಬೆನ್ನಿಗೇ ಸುಶೀಲಾಬಾಯಿ ಬಂದರು. ಟ್ರೇನಿಂಗ್ ಮುಗಿಸಿ ಈ ವರ್ಷವೇ ನಮ್ಮ ಹುಬ್ಬಳ್ಳಿಯ ಸಾಲೆಗೆ ಬಂದ ಶಿಕ್ಷಕಿ. ಆಕೆಗೆ ನಡೆಯುವುದು ಗೊತ್ತಿಲ್ಲ, ಓಡುವುದೊಂದೇ ಗೊತ್ತು. "ಬಾಯಾರ, ವರ್ಗದಾಗ ಒಂದು ಹೊಸಾ ಪದ್ಧತಿ ಶುರು ಮಾಡೇನ್ರಿ. ಪಾಠನ ನಾಟಕ ಮಾಡಿ ಆಡಸ್ತೇನಿ. ಆದ್ರ ಮಾತು ಬರದು ಕೊಡೂದಿಲ್ರಿ, ಸಂದರ್ಭ ಅಷ್ಟ ಹೇಳೂದು. ಮಾತು ಹುಡುಗೀರು ನಿಂತಲ್ಲೇ ಹುಟ್ಟಿಸ್ತಾರ. ಮುಂದಿನ ವಾರ ಪಾಲಕರ ಸಭಾ ಐತೆಲ್ರಿ, ಅವತ್ತ ತೋರಸ್ಲೇನ್ರಿ?" ಎಂದರು. ಹೆಡ್‌ಬಾಯಿಯಾದ ನನಗೇ ಹೊಸ ಪದ್ಧತಿ ತಿಳಿಸಿಕೊಡುತ್ತಿರುವ ಸಂತೋಷ ಅವರ ಮುಖದ ಮೇಲೆ ಕಾಣುತ್ತಿತ್ತು. ನಾಳೆ ಹೇಳ್ತೇನಿ ಎಂದೆ. ನನ್ನ ಕೈಕೆಳಗಿನ ಸಾಲೆಯಲ್ಲಿ ನಾಟಕ ಆಡಿಸಕೂಡದು ಎಂಬ ಮಾತನ್ನು ಪಾಪ, ಆಕೆಗೆ ಯಾರೂ ತಿಳಿಸಿರಲಿಲ್ಲ. ಹಿಂದಿನಿಂದ ನನ್ನನ್ನು ಗಂಟುಮುಖದ ಬಾಯಿ ಅನ್ನುತ್ತಾರೆ. ಅದು ನನಗೆ ಗೊತ್ತಿಲ್ಲ ಎಂದು ಅವರು ತಿಳಿದಿದ್ದಾರೆ.

ಆ ಹೊಸ ಪದ್ಧತಿಯನ್ನು ನಾನು ಮೂವತ್ತು ವರ್ಷದ ಹಿಂದೆ ಧಾರವಾಡದಲ್ಲಿ ಮಾಡಿ ಮುಗಿಸಿದವಳು.

ಹದಿನಾಲ್ಕಕ್ಕೆ ನಾನು ಗಂಡನನ್ನು ಕಳೆದುಕೊಂಡೆ. ಅವರ ಮುಖ ಈಗ ನೆನಪಿಲ್ಲ. ಅವರು ಹೋದ ಮೇಲೆ ಮಂದಿ ನನ್ನ ಮುಖ ನೋಡಿದ ರೀತಿ ಮಾತ್ರ ಚೆನ್ನಾಗಿ ನೆನಪಿದೆ. ಅಣ್ಣ ಮನೆಮಂದಿಯ ಜೊತೆ ಜಗಳಾಡಿ ನನ್ನನ್ನು ಟ್ರೇನಿಂಗಿಗೆ ಹಾಕಿದ. ಅಲ್ಲಿ ನಮಗೆ ಪಾಠ ಹೇಳುತ್ತಿದ್ದ ಮಾಸ್ತರರು ಒಂದು ದಿನ ಹೇಳಿದರು: "ಮಕ್ಕಳಿಗೆ ಮಾತು ಕಲಿಸಬ್ಯಾಡ್ರಿ. ಮಾತು ಅವರ ಹೊಟ್ಯಾಗ ಐತಿ. ನೀವು ಸುಮ್ಮನ ಬಾಗಲಾ ತಗೀರಿ." ನಾನು ಇದನ್ನು ವಹಿಯಲ್ಲಿ ಕೆಂಪು ಮಸಿಯಿಂದ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಬಾಗಿಲು ತೆಗೆದ ಮೇಲೆ ಒಳಗಿನಿಂದ ಏನು ಬರುತ್ತದೆ, ಹೊರಗೆ ಯಾರು ನಿಂತಿರುತ್ತಾರೆ ಎಂಬುದನ್ನು ಅವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಧಾರವಾಡದ ಒಂದು ಹೆಣ್ಣುಮಕ್ಕಳ ಸಾಲೆಯಲ್ಲಿ ನೌಕರಿ ಸಿಕ್ಕಿತು. ಮೊದಲ ತಿಂಗಳ ಪ್ರತಾಪ ಹೇಳುತ್ತೇನೆ, ನೀವು ನಕ್ಕರೂ ಅಡ್ಡಿಯಿಲ್ಲ. ಟಪಾಲಿನ ಪಾಠ ಆಡಿಸಿದೆ. ಟಪಾಲಿನವನಾಗಿದ್ದ ಹುಡುಗಿ ವರ್ಗದಲ್ಲಿ ಕಾಗದ ಹಂಚಿ ಮುಗಿಸಿದಳು, ಉಳಿದವನ್ನು ಹಂಚಲು ಓಣಿಗೆ ಹೋದಳು. ಕಿರಾಣಿ ಅಂಗಡಿಯವನು ಅವಳನ್ನು ಕೈಹಿಡಿದು ತಂದುಬಿಟ್ಟ. ಒಕ್ಕಲುತನದ ಪಾಠದಲ್ಲಿ ಇಬ್ಬರನ್ನು ಎತ್ತು ಮಾಡಿದೆ. ಒಂದು ಎತ್ತು ಮಲಗಿದ್ದು ಖರೇನೇ ನಿದ್ದೆ ಹೋಯಿತು. ಇನ್ನೊಂದು ಎತ್ತು ಎದ್ದು ನಿಂತು, "ಅಕ್ಕೋರ, ನನ್ನ ಜೋಡಿ ಸತ್ತೈತ್ರಿ, ಬ್ಯಾರೇದ್ದ ಕೊಡಸ್ರಿ" ಅಂದಿತು. ಪಕ್ಕದ ವರ್ಗದವರು ಗದ್ದಲ ಎಂದು ದೂರು ಕೊಟ್ಟರು. ನಾನು ಮಾತ್ರ ದೇಶದ ಶಿಕ್ಷಣವನ್ನೇ ತಿರುವಿ ಹಾಕುತ್ತಿದ್ದೇನೆ ಎಂದು ತಿಳಿದು ರಾತ್ರಿ ಅವ್ವನಿಗೆ ವರದಿ ಒಪ್ಪಿಸುತ್ತಿದ್ದೆ.

ಆ ವರ್ಗದಲ್ಲಿ ವೇಣು ಇದ್ದಳು. ಕಚೇರಿಯ ಕಾರಕೂನರೊಬ್ಬರ ಮಗಳು. ಹನ್ನೊಂದು ವರ್ಷ, ಕಡ್ಡಿಯಂಥ ಹುಡುಗಿ, ಮೈಯಲ್ಲಿ ಇದ್ದದ್ದೆಲ್ಲ ಕಣ್ಣು. ಉಳಿದವರಿಗೆ ಸಂದರ್ಭ ಹೇಳಿದರೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ವೇಣು ಎದ್ದು ನಿಂತರೆ ಮಾತು ತಾನಾಗಿ ಬರುತ್ತಿತ್ತು, ನಿಲ್ಲಿಸು ಎನ್ನುವವರೆಗೆ ಬರುತ್ತಿತ್ತು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಕೊಟ್ಟು ನನ್ನ ಹಾಗೆ ಸಾಲೆಯ ಅಕ್ಕೋರು ಆಗಬೇಕೆಂಬುದು ಅವಳ ಆಸೆ. ದಿನಾ ಸಾಲೆ ಬಿಟ್ಟ ಮೇಲೆ ಅರ್ಧ ತಾಸು ನನ್ನ ಹತ್ತಿರ ಕೂತು ಹೆಚ್ಚಿನ ಲೆಕ್ಕ ಮಾಡುತ್ತಿದ್ದಳು. ಅವಳನ್ನು ಪರೀಕ್ಷೆಗೆ ಕೂಡಿಸುವುದು ನನ್ನ ಹೊಣೆ ಎಂದು ನಾನು ಮಾತು ಕೊಟ್ಟಿದ್ದೆ.

ಒಂದು ದಿನ ಪತ್ರ ಬರೆಯುವ ಪಾಠ. "ಮನ್ಯಾಗ ಕನ್ಯಾ ನೋಡಾಕ ಬಂದಾರ. ಮೊದಲ ಅದನ್ನ ಆಡ್ರಿ, ಆಮ್ಯಾಲೆ ಅಕ್ಕಗ ಪತ್ರದಾಗ ಬರೀರಿ" ಎಂದೆ. ವೇಣು ತಂದೆಯಾದಳು. ಕಾಡಿಗೆಯ ಮೀಸೆ ಬರೆದುಕೊಂಡಳು, ನನ್ನ ಛತ್ರಿಯನ್ನು ಬಗಲಲ್ಲಿ ಇಟ್ಟುಕೊಂಡಳು. ಕಡ್ಡಿಪೆಟ್ಟಿಗೆಯನ್ನು ನಶ್ಯದ ಡಬ್ಬಿ ಮಾಡಿ, ಎರಡು ಬೆರಳಿಂದ ಅದರ ಮುಚ್ಚಳ ತಟ್ಟಿ, ಒಂದು ಚಿಟಿಕೆ ಏರಿಸಿ, ತಲೆ ಹಿಂದಕ್ಕೆ ಒಗೆದು ಕೂತಳು. ಬೀಗರಾದ ಹುಡುಗಿ ಕೇಳಿದಳು: "ಹುಡುಗಿ ಓದ್ತಾಳೇನ್ರಿ?"

"ಓದ್ತಾಳ್ರಿ. ನಿಮಗ ಬ್ಯಾಡಾದ್ರ ಮರೀತಾಳ."

"ಬರೀತಾಳೇನ್ರಿ?"

"ಬರೀತಾಳ್ರಿ, ಅಗಸರ ಅರಬಿ ಲೆಕ್ಕಾ ಬರೀವಷ್ಟು. ಹೆಚ್ಚಿಗಿ ಬರದ್ರ ನನಗ ತಿಳಸ್ರಿ, ಬಂದು ಬಿಡಸ್ತೇನಿ."

ವರ್ಗವೆಲ್ಲ ಬಿದ್ದು ಬಿದ್ದು ನಕ್ಕಿತು. ನಾನೂ ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ಇಂಥ ಮಾತು ಆಡಬೇಕಾದರೆ ಹುಡುಗಿ ಅದನ್ನು ಎಲ್ಲಿ ಕೇಳಿರಬೇಕು ಎಂದು ಯೋಚಿಸುವಷ್ಟು ಬುದ್ಧಿ ನನಗಿರಲಿಲ್ಲ. ಇನ್ನೊಮ್ಮೆ ಆಡಿಸಿದೆ, ಮಗ್ಗುಲ ವರ್ಗದವರನ್ನು ಕರೆದು ಮತ್ತೊಮ್ಮೆ ಆಡಿಸಿದೆ.

ಬಕ್ಷೀಸು ಹಂಚುವ ಸಮಾರಂಭ ಬಂತು. ಸಾಲೆಗಳ ತಪಾಸಣೆ ಮಾಡುವ ಡೆಪ್ಯೂಟಿ ಸಾಹೇಬರು ಬರುವವರಿದ್ದರು, ಹುಡುಗಿಯರ ತಂದೆಗಳಿಗೂ ಕರೆ ಹೋಗಿತ್ತು. ನನ್ನ ಪದ್ಧತಿಯನ್ನು ದೊಡ್ಡವರ ಕಣ್ಣಿಗೆ ಬೀಳಿಸಲು ಇದಕ್ಕಿಂತ ಛಲೋ ಹೊತ್ತು ಬೇಕೇ? ಅದೇ ಆಟ ಇಟ್ಟುಕೊಂಡೆ. ವೇಣು ಸಾಲೆ ಬಿಟ್ಟ ಮೇಲೆ ಬಂದು ನಿಂತಳು.

"ಅಕ್ಕೋರ, ಬ್ಯಾರೇದ್ದ ಏನರ ಮಾಡೂಣ್ರಿ. ಅವತ್ತ ಅಪ್ಪಾ ಬರ್ತಾರ."

"ಬರ್ಲಿ. ನೀ ಏನ ಅವರ ಹೆಸರ ತಗೋತೀ? ತಂದಿ ಪಾತ್ರ ಅಂದ್ರ ಊರ ಮಂದಿ ಎಲ್ಲಾರೂ ತಂದೀನ."

ಅವಳು ನನ್ನ ಛತ್ರಿಯ ಹಿಡಿಕೆ ತಿರುವಿದಳು. "ಹಂಗಾದ್ರ ಆ ನಶ್ಯಾ ಏರಸೂದೊಂದು ಬಿಡ್ಲೇನ್ರಿ?"

"ಹುಚ್ಚಿ, ಮಜಾ ಇರೂದ ಅದರಾಗ" ಎಂದೆ.

ಎಷ್ಟು ಸಲ ಈ ಮಾತನ್ನು ನಾನು ನನಗೇ ಹೇಳಿಕೊಂಡು ನಾಲಿಗೆ ಕಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ. ಹುಡುಗಿ ತನ್ನ ಕೈಲಾದಷ್ಟು ತಪ್ಪಿಸಿಕೊಳ್ಳಲು ನೋಡಿದಳು. ಬೇಡ ಎಂದಳು, ಅದು ಆಗದಿದ್ದರೆ ಒಂದು ಚಿಟಿಕೆ ನಶ್ಯವನ್ನಾದರೂ ಬಿಡಿ ಎಂದಳು. ನನಗೆ ಚಪ್ಪಾಳೆ ಬೇಕಾಗಿತ್ತು.

ಚಪ್ಪಾಳೆ ಬಂತು. ವೇಣು ಮುಚ್ಚಳ ತಟ್ಟಿ ತಲೆ ಹಿಂದಕ್ಕೆ ಒಗೆದ ಕೂಡಲೆ ಕಚೇರಿಯ ಮಂದಿ ಎಲ್ಲರಿಗಿಂತ ಮೊದಲು ನಕ್ಕರು. "ನಿಮಗ ಬ್ಯಾಡಾದ್ರ ಮರೀತಾಳ" ಅಂದಾಗ ಒಬ್ಬೊಬ್ಬರಾಗಿ ಮೂರನೆಯ ಸಾಲಿನ ಕಡೆಗೆ ಹೊರಳಿ ನೋಡಿದರು. ಅವಳ ತಂದೆ ಅಲ್ಲಿ ಕೂತಿದ್ದರು. ಅವರೂ ನಕ್ಕರು, ಎಲ್ಲರೂ ನಕ್ಕು ಮುಗಿಸಿದ ಮೇಲೆ ನಕ್ಕರು. ನಶ್ಯದ ಡಬ್ಬಿ ಅವರ ಕೈಯಲ್ಲಿತ್ತು, ಅವತ್ತು ಅದನ್ನು ತೆರೆಯಲಿಲ್ಲ. ಡೆಪ್ಯೂಟಿ ಸಾಹೇಬರು ಸಾಲೆಯ ಪುಸ್ತಕದಲ್ಲಿ ನನ್ನ ಬಗ್ಗೆ ನಾಲ್ಕು ಸಾಲು ಹೊಗಳಿ ಬರೆದು ಹೋದರು.

ಎಂಟು ದಿನದ ಮೇಲೆ ಆ ಸಾಲೆಯ ಹೆಡ್‌ಬಾಯಿಯವರ ಕೋಣೆಗೆ ನನಗೆ ಕರೆ ಬಂತು. ಸಾಲೆಯ ಕಮಿಟಿಯ ಮುಖ್ಯಸ್ಥರಾದ ವಕೀಲರು ಇದ್ದರು, ವೇಣುವಿನ ತಂದೆ ಇದ್ದರು. ವೇಣು ಬಾಗಿಲ ಹತ್ತಿರ ಗೋಡೆಗೆ ಹತ್ತಿ ನಿಂತಿದ್ದಳು. ತಂದೆ ದನಿ ಏರಿಸಲಿಲ್ಲ. ನಮ್ಮ ಧಾರವಾಡದ ಮಂದಿ ಕುತ್ತಿಗೆ ಕೊಯ್ಯುವಾಗಲೂ 'ರೀ' ಹಚ್ಚುವುದನ್ನು ಬಿಡುವುದಿಲ್ಲ.

"ಕೂಡ್ರಿ ಅಕ್ಕೋರ. ಒಂದ ಮಾತು ಕೇಳಬೇಕಾಗಿತ್ತು. ನಮ್ಮ ಹುಡುಗಿಗೆ ಆ ಮಾತು ಯಾರು ಬರದು ಕೊಟ್ರು?"

ಈಗ ನನಗೆ ಅರ್ಥವಾಗುತ್ತದೆ. ಅವರಿಗೆ ಬೇಕಾಗಿದ್ದ ಉತ್ತರ ಒಂದೇ. ನಾನು ಬರೆದೆ ಎಂದಿದ್ದರೆ ಅವರ ಮರ್ಯಾದೆ ಉಳಿಯುತ್ತಿತ್ತು. ಗಂಡ ಸತ್ತ, ಬಾಯಿ ಬಿಗಿಯಿಲ್ಲದ ಮಾಸ್ತರತಿಯೊಬ್ಬಳು ಕೂಸಿನ ಬಾಯಿಯಲ್ಲಿ ಇಲ್ಲದ್ದನ್ನು ತುರುಕಿದಳು ಎಂದು ಕಚೇರಿಯಲ್ಲಿ ಹೇಳಿ ಪಾರಾಗುತ್ತಿದ್ದರು. ಮಗಳು ಎರಡು ಪೆಟ್ಟು ತಿಂದು ಮತ್ತೆ ಸಾಲೆಗೆ ಬರುತ್ತಿದ್ದಳು. ನನ್ನ ನೌಕರಿ ಹೋಗುತ್ತಿತ್ತು. ಆಗಿನ್ನೂ ಅದು ಕಾಯಂ ಆಗಿರಲಿಲ್ಲ, ಅವ್ವ ಮತ್ತು ನಾನು ಅದರ ಮೇಲೇ ಇದ್ದೆವು. ವೇಣು ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾ ಬರೀಲಿಲ್ರಿ" ಎಂದೆ. "ಈ ಪದ್ಧತಿಯೊಳಗ ಶಿಕ್ಷಕರು ಬರಿಯೂದಿಲ್ಲ. ಮಾತು ಹುಡುಗೀದ ರೀ."

ಅಷ್ಟಕ್ಕೆ ನಿಲ್ಲಿಸಿದೆನೇ? ಇಲ್ಲ. ಟ್ರೇನಿಂಗಿನ ವಹಿ ತರಿಸಿ, ಕೆಂಪು ಮಸಿಯ ಸಾಲು ತೋರಿಸಿ, ಪದ್ಧತಿಯನ್ನು ಕಾಲು ತಾಸು ವಿವರಿಸಿದೆ. ಇಷ್ಟು ಚೆನ್ನಾಗಿ ನಾನು ಯಾವ ಪಾಠವನ್ನೂ ಹೇಳಿರಲಿಲ್ಲ. ವಕೀಲರು ತಲೆದೂಗಿದರು. ತಂದೆ ಎದ್ದು ರುಮಾಲು ಸರಿಮಾಡಿಕೊಂಡರು. "ಹಂಗಾದ್ರ ನಿಮ್ಮದೇನ ತಪ್ಪಿಲ್ಲ ಬಿಡ್ರಿ" ಎಂದರು. ಆಮೇಲೆ ಮಗಳಿಗೆ "ನಡಿ" ಎಂದರು.

ಮರುದಿನ ಅವಳ ಜಾಗ ಖಾಲಿ ಇತ್ತು. ನಾಲ್ಕು ದಿನ ಬಿಟ್ಟು ಮನೆಗೆ ಹೋದೆ. ತಾಯಿ ಬಾಗಿಲಲ್ಲೇ ನಿಂತು, "ಜ್ವರಾ ಬಂದಾವ್ರಿ ಅಕೀಗೆ" ಎಂದರು. ಒಳಗೆ ಯಾರೋ ಪಾತ್ರೆ ತಿಕ್ಕುವ ಸಪ್ಪಳ ನಿಂತಿತು. ಜ್ವರ ಬಂದವರು ಪಾತ್ರೆ ತಿಕ್ಕುತ್ತಾರೆಯೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬೇಸಿಗೆ ಬರುವುದರೊಳಗೆ ಮುಗದ ಎಂಬ ಹಳ್ಳಿಯ ಒಂದು ಮನೆಗೆ ಅವಳನ್ನು ಮದುವೆ ಮಾಡಿ ಕೊಟ್ಟರು. ಮಳೆಗಾಲದಲ್ಲಿ ನನ್ನ ನೌಕರಿ ಕಾಯಂ ಆಯಿತು. "ಖರೇ ಹೇಳಿ ಪಾರಾದಿ, ಜಾಣಿ" ಎಂದು ಹೆಡ್‌ಬಾಯಿ ಬೆನ್ನು ಚಪ್ಪರಿಸಿದರು. ಸುಳ್ಳು ಹೇಳಿ ಕೆಟ್ಟವರನ್ನು ನಾನು ಬಹಳ ನೋಡಿದ್ದೇನೆ. ಖರೇ ಹೇಳಿ ನನ್ನಷ್ಟು ಕೆಟ್ಟವರನ್ನು ನೋಡಿಲ್ಲ.

ಆರು ವರ್ಷದ ಮೇಲೆ ಧಾರವಾಡದ ಸ್ಟೇಷನ್ನಿನಲ್ಲಿ ಅವಳು ಸಿಕ್ಕಳು. ಬಗಲಲ್ಲಿ ಒಂದು ಕೂಸು, ಮಗ್ಗುಲಲ್ಲಿ ಅತ್ತೆ. ಕಣ್ಣಿನಿಂದ ಗುರುತು ಹಿಡಿದೆ. "ಅರಾಮಿದ್ದೀಯೇನ ವೇಣೂ?" ಎಂದೆ.

"ಅರಾಮಿದ್ದಾಳ್ರಿ" ಎಂದಳು ಅತ್ತೆ.

"ಕೂಸಿಗೆ ಎಷ್ಟ ತಿಂಗಳಾ?"

"ಎಂಟ ತುಂಬಾವ್ರಿ" ಎಂದಳು ಅತ್ತೆ.

ಮನಸ್ಸು ತಡೆಯದೆ, "ಪುಸ್ತಕಾ ಗಿಸ್ತಕಾ ಓದ್ತೀಯೇನು?" ಎಂದು ಕೇಳಿದೆ.

ಅತ್ತೆಗೆ ನಗು ಬಂತು. "ಅಕಿಗೆಲ್ಲಿ ಓದಾಕ ಬರ್ತೈತ್ರಿ? ಸಾಲಿ ಕಲತಾಕಿ ಅಲ್ಲ ಅಕಿ" ಎಂದಳು. ವೇಣು ನನ್ನನ್ನು ನೋಡಿದಳು. ಗಾಡಿ ಬಂತು, ಕೂಸಿನ ತಲೆಗೆ ಸೆರಗು ಹೊಚ್ಚಿ ಹತ್ತಿ ಹೋದಳು. ಒಂದು ಕಾಲಕ್ಕೆ ಸಾಕು ನಿಲ್ಲಿಸವ್ವಾ ಎಂದು ನಾನು ಕೈ ಮುಗಿಯುತ್ತಿದ್ದ ಹುಡುಗಿ ಅವಳು.

ಅಂದಿನಿಂದ ನನ್ನ ವರ್ಗದಲ್ಲಿ ನಾಟಕ ನಿಂತಿತು. ಹೆಡ್‌ಬಾಯಿ ಆದ ಮೇಲೆ ಸಾಲೆಯಲ್ಲೇ ನಿಂತಿತು. ಹುಡುಗಿಯರನ್ನು ಕಾಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ನಿನ್ನೆ ರಾತ್ರಿ ಆ ಕಾಡಿಗೆಯ ವಾಸನೆಯಲ್ಲಿ ಮಲಗಿ ಯೋಚಿಸಿದರೆ ಬೇರೆಯೇ ಕಂಡಿತು. ಆ ತಂದೆ ಒಬ್ಬಳ ಬಾಯಿ ಮುಚ್ಚಿಸಿದ. ನಾನು ಇಷ್ಟು ವರ್ಷ ವರ್ಗ ವರ್ಗಗಳ ಬಾಯಿ ಮುಚ್ಚಿಸಿ, ಅದಕ್ಕೆ ಪಗಾರವನ್ನೂ ತಗೊಂಡೆ.

ಇವತ್ತು ಸುಶೀಲಾಬಾಯಿಯವರನ್ನು ಕರೆಸಿ ಆಟದಲ್ಲಿ ಏನಿದೆ ಎಂದು ಕೇಳಿದೆ. ಆರೋಗ್ಯದ ಪಾಠವಂತೆ. ಬಾಣಂತಿಯನ್ನು ಆಸ್ಪತ್ರೆಗೆ ಕಳಿಸಲು ಮನೆಯ ಕಾಕಾ ಒಪ್ಪುವುದಿಲ್ಲ. ಗೋಪನಕೊಪ್ಪದ ಹುಡುಗಿಯೇ ಕಾಕಾ. "ದವಾಖಾನಿ ಕಂಡ ಹೆಂಗಸು ಮುಂದ ಮನಿ ಕೆಲಸಕ್ಕ ಬರೂದಿಲ್ಲ" ಎಂದು, ಮಾತಿಗೊಮ್ಮೆ ಕೆಮ್ಮುತ್ತ, ಬಹಳ ಛಂದ ಹೇಳುತ್ತಾಳಂತೆ.

"ಇದು ಯಾರ ಮನೀ ಮಾತ್ರಿ?"

"ಯಾರ ಮನೀದೂ ಅಲ್ರಿ. ಹುಡುಗೀರು ಹಂಗ ಸುಮ್ಮನ ಅಂತಾರ."

"ಸುಮ್ಮನ ಯಾರೂ ಅನ್ನೂದಿಲ್ಲ. ಆ ಕೆಮ್ಮು ಬಿಡಸ್ರಿ. ಉಳಿದದ್ದೆಲ್ಲಾ ಹೇಳ್ರಿ, ನಾ ಬರಕೋತೇನಿ."

ಆಕೆ ಹೇಳಿದರು, ನಾನು ಬರೆದೆ. ಒಂದು ಮಾತನ್ನೂ ಕಡಿಮೆ ಮಾಡಲಿಲ್ಲ. ನಾಲ್ಕು ಹಾಳೆ ಆಯಿತು. ಮೇಲೆ 'ಬರೆದವರು' ಎಂದು ಹಾಕಿ ನನ್ನ ಹೆಸರು ಬರೆದು ಸಹಿ ಮಾಡಿದೆ. "ಯಾರ ಕೇಳಿದ್ರೂ ಹೆಡ್‌ಬಾಯಿ ಬರದು ಕೊಟ್ರು ಅಂತ ಹೇಳ್ರಿ. ಹುಡುಗೀರಿಗೂ ಹಂಗ ಹೇಳಾಕ ಕಲಸ್ರಿ" ಎಂದೆ. ಪೆನ್ಶನ್ನಿಗೆ ಇನ್ನೆರಡು ವರ್ಷ ಇರುವಾಗ ನನಗೆ ಬಂದ ಧೈರ್ಯ ಇದು. ಇದಕ್ಕೆ ಧೈರ್ಯ ಎನ್ನಲು ನನಗೇ ನಾಚಿಕೆ.

ಸುಶೀಲಾಬಾಯಿಯ ಮುಖ ಇಳಿಯಿತು. "ಆದ್ರ ಬಾಯಾರ, ಇದು ಹುಡುಗೀರ ಮಾತಲ್ರೀ? ಪದ್ಧತಿನ ಅದು" ಎಂದರು.

"ಪದ್ಧತಿ ನನಗೂ ಗೊತ್ತೈತಿ" ಎಂದೆ.

ಹಾಳೆ ತಗೊಂಡು ಹೋದರು, ಈ ಸಲ ಓಡಲಿಲ್ಲ. ಸ್ವಲ್ಪ ಹೊತ್ತಿಗೆ ಕಿಟಕಿಯ ಆಚೆಯಿಂದ, ಜೊತೆಯ ಶಿಕ್ಷಕಿಗೆ ಹೇಳುತ್ತಿದ್ದದ್ದು ಕೇಳಿಸಿತು: "ಹುಡುಗೀರು ಕಷ್ಟಪಟ್ಟು ಹುಟ್ಟಿಸಿದ ಮಾತ್ರಿ. ಈ ಮುದುಕಿ ಅದಕ್ಕೂ ತನ್ನ ಹೆಸರ ಹಚಗೊಂಡ್ಲು ನೋಡ್ರಿ." ಕರೆದು ಎಲ್ಲವನ್ನೂ ಹೇಳಿಬಿಡಲೇ ಎನ್ನಿಸಿತು, ಎದ್ದವಳು ಮತ್ತೆ ಕೂತೆ. ಅನ್ನಲಿ. ಸಭೆಯಲ್ಲಿ ಯಾವನಾದರೂ ಕಾಕಾ ಎದ್ದು ಇದನ್ನು ಯಾರು ಬರೆದರು ಎಂದು ಕೇಳಿದರೆ, ಈ ಸಿಟ್ಟಿನಲ್ಲಿ ಆಕೆ ಹುಡುಗಿಯ ಕಡೆ ನೋಡುವುದಿಲ್ಲ, ನೆಟ್ಟಗೆ ನನ್ನ ಕಡೆಗೇ ಕೈ ತೋರಿಸುತ್ತಾರೆ.